ಕಾಳಿನ ಖೋಲ್ಯಾಗ ಒಗ್ಯಾಣ

ಹೊಲ ಇದ್ದವರ ಮನ್ಯಾಗ ಕಾಳಿನ ಖೋಲಿ ಅಂತ ಒಂದು ಇದ್ದೇ ಇರ್ತದ. ಅಡಗಿಮನಿಗಿ ಹತ್ತಿಕೊಂಡು ಇರ್ತದ, ಕಿಡಕಿ ಸಣ್ಣದು, ಬಲ್ಬ್ ಒಂದೇ, ಬಾಗಲ ತೆಗದ್ರ ಗೋಣಿಚೀಲದ ವಾಸನಿ. ಕಲಬುರಗ್ಯಾಗ ನಮ್ಮ ಮನೀದು 8 ಫೂಟ ಉದ್ದ, 7 ಫೂಟ ಅಗಲ. ನಾ ಲಗ್ನ ಆಗಿ ಬಂದ ಹೊಸದಾಗ ಅದರಾಗ ಕಾಲಿಡ್ಲಾಕ ಜಾಗ ಇರ್ತಿರಲಿಲ್ಲ. ಸುಗ್ಗಿ ಮುಗೀತಂದ್ರ ಕಮಲಾಪುರದಿಂದ ಟೆಂಪೋ ಬರ್ತಿತ್ತು. ಮಾವ ಡ್ರೈವರನ ಬಾಜೂಕ ಕುಂತು ಬರ್ತಿದ್ರು. ಜ್ವಾಳ, ತೊಗರಿ, ಒಂದೆರಡು ಚೀಲ ಕಡ್ಲಿ. ಚೀಲ ಎಣಸೋದು ಅವರ ಕೆಲಸ, ನಡುನಡುವ ಬೇವಿನ ತಪ್ಪಲ ಹಾಕೋದು ಅತ್ತೀದು, ವರ್ಷಪೂರ್ತಿ ನುಸಿ ಬೀಳದಂಗ ನೋಡೋದು ನಂದು.

ಮಾವ ತೀರಿಕೊಂಡ ಮ್ಯಾಲ ಹೊಲ ನೋಡೋರು ಯಾರೂ ಇಲ್ಲ. ಲಾವಣಿಗಿ ಕೊಟ್ಟೀವಿ. ಈಗ ರೊಕ್ಕ ಬರ್ತದ, ಕಾಳು ಬರಂಗಿಲ್ಲ. ಜ್ವಾಳ ಗಂಜಿನಿಂದ ತರ್ತೀವಿ, ಒಮ್ಮಿಗಿ ಹತ್ತು ಕೆಜಿ. ಅದಕ್ಕ ಒಂದು ಡಬ್ಬಿ ಸಾಕು. ಖಾಲಿ ಖೋಲಿ ಖಾಲಿ ಉಳಿಯಂಗಿಲ್ಲ ನೋಡ್ರಿ. ಮೊದಲ ಕೆಟ್ಟ ಕೂಲರ್ ಹೋಗಿ ಕುಂತಿತು, ಆಮ್ಯಾಲ ಹುಡುಗರ ಹಳೇ ಸೈಕಲ್ಲು, ಆಮ್ಯಾಲ ಮುರದ ಮಂಚದ ಪಟ್ಟಿ. ಎರಡು ವರ್ಷದಾಗ ಅದು ಯಾರಿಗೂ ಬ್ಯಾಡಾದ ಖೋಲಿ ಆಯ್ತು.

ಇತ್ಲಾಗ ಒಗ್ಯಾಣದ ತ್ರಾಸ ಹೆಚ್ಚಾಗಿತ್ತು. ನಮ್ಮ ಒಗಿಯೋ ಕಲ್ಲು ಹಿತ್ತಲದಾಗ, ಮ್ಯಾಲ ನೆಳ್ಳಿಲ್ಲ. ಮಾರ್ಚ್ ಬಂತಂದ್ರ ಮುಂಜಾನಿ ಒಂಬತ್ತರ ಮ್ಯಾಲ ಅಲ್ಲಿ ಕೂಡ್ಲಾಕ ಆಗಂಗಿಲ್ಲ. ಮೇ ತಿಂಗಳದಾಗ ಕಲಬುರಗಿ ಬಿಸಲು 42, 43 ಡಿಗ್ರಿ ಅಂತ ಉಳಿದವರು ಪೇಪರದಾಗ ಓದ್ತಾರ. ಒಗಿಯೋರಿಗಿ ಕುಂತ ಜಾಗದಾಗೇ ಗೊತ್ತಾಗ್ತದ. ಒಗದಿದ್ದ ಹಿಂಡಿ, ಬುಟ್ಟ್ಯಾಗ ಹಾಕ್ಕೊಂಡು 17 ಪಾವಟಿಗಿ ಏರಿ ಮಾಳಗಿ ಮ್ಯಾಲ ಒಣಹಾಕಬೇಕು. ನಂಗ ಅದು ರೂಢಿ ಆಗಿತ್ತು. ಅತ್ತಿ ಕಮಲಾಪುರದ ಮನಿಗಿ ಬೀಗ ಹಾಕಿ ಖಾಯಂ ಇಲ್ಲಿಗೇ ಬಂದ ಮ್ಯಾಲ ಲೆಕ್ಕ ಬದಲಾಯ್ತು. ಅವರಿಗಿ ಎರಡೂ ಮೊಣಕಾಲ ಹಿಡದಾವ. ಕುಕ್ಕರಗಾಲಿನ್ಯಾಗ ಕೂಡಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ. ಆದ್ರ ತಮ್ಮ ಸೀರಿ ತಾವೇ ಒಗೀಬೇಕು. ಸೊಸಿ ಕೈಗೂ ಕೊಡಂಗಿಲ್ಲ, ಮಷಿನಿಗಂತೂ ಇಲ್ಲೇ ಇಲ್ಲ. ಕುಂತ್ರ ಏಳ್ಲಾಕ ಬರಂಗಿಲ್ಲ. ಗ್ವಾಡಿ ಹಿಡದು, ನಳ ಹಿಡದು ಏಳ್ತಿದ್ರು. ಆ ನಳ ಒಂದಿನ ಅವರ ಕೈಯಾಗೇ ಬಂತು.

ಅದರ ಮರುದಿನ ರಾತ್ರಿ ಇವರು ಫೋನಿನ್ಯಾಗ ಯಾವುದೋ ದೇಶದ ವಿಡಿಯೋ ತೋರಿಸಿದ್ರು. ಗಂಡ ಹೆಂಡತಿ ಕೂಡಿ ಒಂದು ಖಾಲಿ ಖೋಲಿಗಿ ಬಣ್ಣ ಬಳದು, ಕಪಾಟ ಹೊಡದು, ಎರಡು ಮಷಿನ್ ಒಂದರ ಮ್ಯಾಲೊಂದು ಇಟ್ರು. ಒಗಿಯೋದು ಒಂದು, ಒಣಗಿಸೋದು ಇನ್ನೊಂದು. ಕಡೀಕ ಒಂದು ಹೂವಿನ ಕುಂಡ ಇಟ್ಟು ಕೈ ಝಾಡಿಸಿದ್ರು. ಎಲ್ಲಾ ಹತ್ತು ಮಿನಿಟದಾಗ.

"ನೋಡು, ನಮ್ಮ ಕಾಳಿನ ಖೋಲೀನೂ ಇಷ್ಟೇ ಅದ," ಅಂದ್ರು.

"ಖೋಲಿ ಇಷ್ಟೇ ಅದ ರೀ, ಅವರ ನಳದಾಗ ಚೋವೀಸ ತಾಸ ನೀರದ," ಅಂದೆ ನಾ.

ಮುಂಜಾನಿ ಚಹಾದ ಹೊತ್ತಿನ್ಯಾಗ ಇವರು ಅತ್ತಿ ಮುಂದ ಮಾತು ತೆಗದ್ರು. ಅತ್ತಿ ಬಶಿ ಕೆಳಗಿಟ್ರು. "ಲಕ್ಷ್ಮಿ ಇದ್ದ ಜಾಗದಾಗ ಹೊಲಸ ಅರಿವಿ ಒಗೀತೀರೇನೋ ತಮ್ಮಾ?"

ಇವರೂ ಬಿಡಲಿಲ್ಲ. "ಯವ್ವಾ, ಕಲ್ಯಾಣದಾಗ ಮಡಿವಾಳ ಮಾಚಿದೇವರು ಶರಣರ ಅರಿವಿ ಒಗೀಲಿಲ್ಲೇನು? ಅದೇನು ಹೊಲಸ ಕೆಲಸೇನು?"

"ಅವರು ಹೊಳಿ ದಂಡಿಗಿ ಒಗದಾರಪ್ಪಾ, ಕಾಳಿನ ಖೋಲ್ಯಾಗಲ್ಲ."

12ನೇ ಶತಮಾನದ ಶರಣರನ್ನ ಕರಕೊಂಡು ಬಂದ್ರೂ ಗೆಲ್ಲಲಾಕ ಆಗಲಿಲ್ಲ. ಇವರು ಸುಮ್ಮ ಆದ್ರು. ಸುಮ್ಮ ಆಗಿದ್ದು ಆ ಮಾತಿಗಲ್ಲ ಅಂತ ನಂಗ ಗೊತ್ತಿತ್ತು. ನೌಕರಿ ಮುಗದ ಮ್ಯಾಲ ಕಮಲಾಪುರಕ್ಕ ಬಂದು ಹೊಲ ಮಾಡ್ತೀನಿ ಅಂತ ಇವರು ಮಾವಗ ಮಾತು ಕೊಟ್ಟಿದ್ರು. ಖೋಲಿ ಕಾಳಿಂದು ಅಂತ ಇರೋತನಕ ಆ ಮಾತೂ ಇತ್ತು. ಅತ್ತಿ ಅದನ್ನ ಬಾಯಿಬಿಟ್ಟು ಹೇಳಲಿಲ್ಲ, ಇವರೂ ಕೇಳಲಿಲ್ಲ. ದಸರಾದಿಂದ ಎಳ್ಳಮಾಸಿತನಕ ಖೋಲಿ ಹಂಗೇ ಬಿದ್ದಿತ್ತು.

ಆ ಎರಡು ಮೂರು ತಿಂಗಳ ನಾ ಅತ್ತಿ ಬಾಯಿಂದ ಒಗ್ಯಾಣದ ಕಥಿ ಎಷ್ಟು ಕೇಳೀನಿ ಅಂದ್ರ, ಒಂದು ಪುಸ್ತಕ ಆಗ್ತದ. ಅವರು ಸಣ್ಣಾಕಿ ಇದ್ದಾಗ ಮಡಿವಾಳರ ಮನಿಯವರು ಬಂದು ಮೈಲಿಗಿ ಗಂಟು ಒಯ್ತಿದ್ರಂತ. ಚೌಳಮಣ್ಣು ಹಾಕಿ ನೆನಸಿ, ಉಬ್ಬಿ ಹಾಕಿ, ಹಬೆಯಾಗ ಬೇಯಿಸಿ, ಬಂಡಿಗಲ್ಲಿಗಿ ಬಡದು ತರ್ತಿದ್ರಂತ. ಅವರಿಗಿ ರೊಕ್ಕ ಕೊಡೋ ಪದ್ಧತಿ ಇಲ್ಲ. ಸುಗ್ಗ್ಯಾಗ ಕಣಕ್ಕ ಬಂದು ಆಯದ ಜ್ವಾಳ ಒಯ್ತಿದ್ರು. ಒಗ್ಯಾಣಕ್ಕ ಕಾಳೇ ಕೂಲಿ.

ಬಾಳಿತ್ವಾಟದ ಕಲಿ ಮಾತ್ರ ಮಡಿವಾಳರ ಕೈಯಾಗೂ ಹೋಗ್ತಿದ್ದಿಲ್ಲಂತ. ಕಮಲಾಪುರದ ಕೆಂಪು ಬಾಳಿಹಣ್ಣ ನೀವು ತಿಂದಿರಬೇಕು. ಹುಮನಾಬಾದ್ ರಸ್ತೆದಾಗ ಹೋಗೋರು ಬರೋರು ಗಾಡಿ ನಿಲ್ಲಿಸಿ ತಗೋತಾರ, ಭೌಗೋಳಿಕ ಸೂಚಕದ ಮುದ್ರಿನೂ ಸಿಕ್ಕದ ಅದಕ್ಕ. ಆ ಗಿಡದ ರಸ ಅರಿವಿಗಿ ಬಿದ್ದಾಗ ನೀರಿನಂಗ ಇರ್ತದ, ಕಾಣಂಗಿಲ್ಲ. ಗಾಳಿಗಿ ಒಣಗಿತಂದ್ರ ಕಂದು ಬಣ್ಣ, ಆಮ್ಯಾಲ ಕರಿ. ಹಸಿ ಇದ್ದಾಗೇ ತೊಳದ್ರ ಸ್ವಲ್ಪ ಬಿಡ್ತದ, ಒಣಗಿದ ಮ್ಯಾಲ ಆ ಸೀರಿ ಹರಿಯೋತನಕ ಕಲಿ ಅದರ ಸಂಗಾಟೇ. ಅತ್ತಿಗಿ ಎರಡು ತ್ವಾಟದ ಸೀರಿ ಅದಾವ. ಈಗ ತ್ವಾಟಕ್ಕ ಹೋಗೋ ಕೆಲಸ ಇಲ್ಲ, ಆದ್ರೂ ಅವನ್ನ ವಾರಕ್ಕೊಮ್ಮೆ ಒಗೀತಾರ. ನಾ ಯಾಕ ಅಂತ ಕೇಳಿಲ್ಲ.

ಎಳ್ಳಮಾಸಿ ಅಂದ್ರ ನಮ್ಮ ಕಡಿ ಹೊಲಕ್ಕ ಹೋಗಲೇಬೇಕು. ಲಾವಣಿಗಿ ಕೊಟ್ರೇನು, ಭೂಮಿತಾಯಿ ಹಬ್ಬಕ್ಕ ಮಾಲಕರು ಬರಲೇಬೇಕು ಅಂತ ಹೊಲ ಮಾಡೋರೇ ಫೋನ್ ಮಾಡಿದ್ರು. ಹಿಂದಿನ ದಿನ ನಾ ಸಜ್ಜಿ ಕಡಬು, ಭಜ್ಜಿ ಅಂತ ಅಡಗಿಮನ್ಯಾಗ ಇದ್ದಾಗ ಅತ್ತಿ ಕಾಳಿನ ಖೋಲಿ ಬಾಗಲ ತೆಗದು, ಸ್ಟೂಲ್ ಹಾಕ್ಕೊಂಡು ಕುಂತು, ಕಸಬರಿಗಿ ಕಡ್ಡೀಲಿಂದ ಪರ್ಸಿಕಲ್ಲಿನ ಸಂದ್ಯಾಗಿನ ಕಾಳು ತೆಗೀಲತ್ತಿದ್ರು. ಒಂದೊಂದೇ. ಸಂಜಿತನಕ ಒಂದು ಬೊಗಸಿ ಜ್ವಾಳ, ನಾಲ್ಕು ಕಾಳು ತೊಗರಿ ಕೂಡಿತು. ಮರದಾಗ ಹಾಕಿ ಕೇರಿ, ವಸ್ತ್ರದಾಗ ಕಟ್ಟಿಟ್ರು. ಮರುದಿನ ಹೊಲದಾಗ ಚರಗ ಚೆಲ್ಲುವಾಗ ಅದನ್ನೂ ಚೆಲ್ಲಿದ್ರು. ಇವರು ನೋಡಿದ್ರು, ಮುಖ ತಿರುಗಿಸಿ ಬನ್ನಿಗಿಡದ ಕಡಿ ಹೋದ್ರು.

ಹೊಳ್ಳಿ ಬರುವಾಗ ಬಸ್ಸು ಕುರಿಕೋಟಾ ಪೂಲಿನ ಮ್ಯಾಲ ಬಂದಾಗ ಅತ್ತಿ ಕಿಡಕ್ಯಾಗಿಂದ ಬೆಣ್ಣೆತೊರಾ ನೀರು ನೋಡ್ತಾ ಕೇಳಿದ್ರು, "ಕಲ್ಲು ಎಷ್ಟು ಎತ್ತರ ಇಡ್ತೀರಿ? ನಾ ನಿಂತೇ ಒಗೀತೀನಿ."

ಕೆಲಸ ಶುರು ಆಗಿದ್ದು ಅಲ್ಲಿಂದ. ಎಲ್ಲಾ ರವಿವಾರದ ಕೆಲಸ. ಯುಗಾದಿ ಬರೋದ್ರಾಗ ಮುಗಿಸಿದ್ವಿ.

ಮೊದಲನೇ ಕೆಲಸ ಮಷಿನ್ ಅಲ್ಲ, ನೆಲ. ಕಾಳಿನ ಖೋಲಿ ನೆಲ ಸಪಾಟ ಇರ್ತದ, ಒಗಿಯೋ ಖೋಲಿ ನೆಲ ಇಳಜಾರ ಇರಬೇಕು. ನಮ್ಮದು ಶಹಾಬಾದ ಪರ್ಸಿ: ಎರಡು ಫೂಟಿನ ಚೌಕಾಕಾರದ್ದು 12, ಅರ್ಧ ಪರ್ಸಿ 4. ಒಂದೊಂದಕ್ಕ ಸೀಮಿಸುಣ್ಣದಿಂದ ನಂಬರ ಬರದು, ಹಾರಿ ಹಾಕಿ ಎಬ್ಬಿಸಿ, ಹಿತ್ತಲದಾಗ ಸಾಲಾಗಿ ನಿಲ್ಲಿಸಿದ್ವಿ. ಇಡೀ ಪರ್ಸಿ ಒಂದು ಸುಮಾರು 25 ಕೆಜಿ ತೂಗ್ತದ, ಇಬ್ಬರು ಹಿಡದ್ರ ಆರಾಮ ಏಳ್ತದ. ಲೆವೆಲ್ ನೋಡ್ಲಾಕ ದೊಡ್ಡ ಸಾಮಾನ ಏನೂ ಬೇಕಾಗಿಲ್ಲ. ಆರಪಾರ ಕಾಣೋ ನಳಿಗ್ಯಾಗ ನೀರು ತುಂಬಿ, ಒಂದು ತುದಿ ಇವರು ಹಿಡದ್ರು, ಒಂದು ನಾ ಹಿಡದೆ. ಎರಡೂ ತುದ್ಯಾಗ ನೀರು ನಿಂತಲ್ಲಿ ಗ್ವಾಡಿಗಿ ಗೆರಿ ಹೊಡದ್ವಿ. ಆ ಗೆರಿಯಿಂದ ಬಾಗಲದ ಕಡಿ 36 ಇಂಚು ಕೆಳಗ ನೆಲ, ನೀರು ಹೋಗೋ ಮೂಲಿಗಿ 37 ಇಂಚು. 8 ಫೂಟಿಗಿ 1 ಇಂಚು ಇಳಜಾರ ಸಾಕು. ಇದಕಿಂತ ಜಾಸ್ತಿ ಕೊಟ್ರ ಮಷಿನ್ ಹಿಂಡೋ ಹೊತ್ತಿನ್ಯಾಗ ಕುಣೀತಾ ಕುಣೀತಾ ಬಾಗಲ ಬಿಟ್ಟು ಹೋಗ್ತದ. ಅಡಗಿಮನಿಗಿ ನೀರು ಹೋಗದಂಗ ಹೊಸ್ತಿಲ ಎರಡು ಇಂಚು ಏರಿಸಿದ್ವಿ. ಗ್ವಾಡಿಗಿ ನಾಲ್ಕು ಫೂಟತನಕ ವಾಟರ್ ಪ್ರೂಫ್ ಪುಡಿ ಕಲಸಿದ ಸಿಮೆಂಟ್, ಅದರ ಮ್ಯಾಲ ಮೊದಲಿನಂಗ ಸುಣ್ಣ.

ಮೂಲ್ಯಾಗ ಜಾಳಿ ಕೂಡಿಸುವಾಗ ಕೆಳಗ ಬಾಗಿದ ಕೊಳವಿ ಇರಲೇಬೇಕು. ಅದರಾಗ ಎರಡು ಇಂಚು ನೀರು ಯಾವಾಗಲೂ ನಿಂತಿರ್ತದ. ಗಟಾರದ ವಾಸನಿ, ಜಿರಳಿ ಎರಡನ್ನೂ ತಡಿಯೋದು ಆ ನೀರೇ. ಬ್ಯಾಸಿಗ್ಯಾಗ ಊರಿಗಿ ಹೋಗಿ ಹದಿನೈದು ದಿನ ಬಿಟ್ಟು ಬಂದ್ರ ಒಣಗಿ ಹೋಗಿರ್ತದ. ಬಂದ ಕೂಡ್ಲೇ ಒಂದು ತಂಬಗಿ ನೀರು ಹಾಕಬೇಕು.

ಗ್ವಾಡಿ ದಪ್ಪ ಒಂದೂವರಿ ಫೂಟ, ಕಲ್ಲಿನ ಗ್ವಾಡಿ. ಅದಕ್ಕ ತೂತು ಹೊಡಿಯೋ ಕೆಲಸಕ್ಕ ಮಾತ್ರ ಒಂದು ದಿನ ಗೌಂಡಿನ ಕರದ್ವಿ. ಇವರು ತಾವೇ ಹೊಡೀತೀನಿ ಅಂತ ಚಾಣ ಹಿಡದಿದ್ರು. ನಾನೇ ಬ್ಯಾಡ ಅಂದೆ. ಮಾಳಗಿ ಭಾರ ಹೊತ್ತ ಗ್ವಾಡಿ ಅದು. ಹೊರಗ ಪೈಪ ಹಾಕೋದು ಮತ್ತ ನಮ್ಮದೇ. ಕಲಬುರಗಿಯವರಿಗಿ ಇಲ್ಲೊಂದು ಮಾತು ಹೇಳಬೇಕು. ನಮ್ಮ ಎರಿ ಮಣ್ಣು ಬ್ಯಾಸಿಗ್ಯಾಗ ಬಾಯಿ ಬಿಡ್ತದ, ಮಳಿಗಾಲದಾಗ ಉಬ್ಬತದ. ಅದರಾಗ ಪೈಪ ಬರೇ ಹುಗದ್ರ ಎರಡು ವರ್ಷದಾಗ ಜೋಡು ಬಿಚ್ಚತದ. ಸುತ್ತೂ ನಾಲ್ಕು ಬೆಳ್ಳು ಮುರುಮ ಹಾಕಿ, ನಡುವ ಪೈಪ ಮಲಗಿಸಿ, ಮ್ಯಾಲ ಮತ್ತ ಮುರುಮ ಹಾಕಿದ್ವಿ. ಮಣ್ಣು ತನ್ನ ಪಾಡಿಗಿ ಹಿಗ್ಗಲಿ, ಕುಗ್ಗಲಿ.

ಕರೆಂಟಿನ ಕೆಲಸಕ್ಕೂ ನಾವು ಕೈ ಹಾಕಿಲ್ಲ. ನೀರು, ಕರೆಂಟು ಒಂದೇ ಖೋಲ್ಯಾಗ ಇದ್ದಾಗ ವಿಡಿಯೋ ನೋಡಿ ಮಾಡೋದು ಶಾಣ್ಯಾತನ ಅಲ್ಲ. ಇಲೆಕ್ಟ್ರಿಷಿಯನ್ ಬಂದು ಪ್ಲಗ್ಗು ಎದಿ ಎತ್ತರಕ್ಕ ಏರಿಸಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿ ಹೋದ. ಮೈಗಿ ಕರೆಂಟ್ ಹತ್ತಿತಂದ್ರ ಅದು ತಾನೇ ಬೀಳ್ತದ. ಅರ್ಥಿಂಗ್ ಗುಂಡಿನೂ ಬಿಚ್ಚಿ ನೋಡಿಸಿದ್ವಿ. ಬ್ಯಾಸಿಗ್ಯಾಗ ಆ ಗುಂಡಿ ಸುತ್ತಲಿನ ಮಣ್ಣು ಒಣಗಿದ್ರ ಅರ್ಥಿಂಗ್ ಕೆಲಸ ಮಾಡಂಗಿಲ್ಲ, ವಾರಕ್ಕೊಂದು ಕೊಡ ನೀರು ಹಾಕ್ರಿ ಅಂದಾನ. ತುಳಸಿಗಿ ಹಾಕುವಾಗ ಅದಕ್ಕೂ ಹಾಕ್ತೀನಿ.

ಇನ್ನ ಕಲ್ಲು. ಇವರು ಹೊಸ ಗ್ರಾನೈಟ್ ತರ್ತೀನಿ ಅಂದ್ರು. ಅತ್ತಿ, "ಅದರ ಮ್ಯಾಲ ಅರಿವಿ ಜಾರತಾವ, ತಿಕ್ಕಲಾಕ ಬರಂಗಿಲ್ಲ. ಕಮಲಾಪುರದ ಮನ್ಯಾಗ ಬಾವಿ ಕಟ್ಟಿ ಬಾಜೂಕ ನನ್ನ ಕಲ್ಲದ, ಅದನ್ನ ತರ್ರಿ," ಅಂದ್ರು. ತಂದ್ವಿ. ನಡುವ ತಗ್ಗು ಬಿದ್ದದ, ಬಡದು ಬಡದು. ಎತ್ತರ ಅಳೀಲಾಕ ಅತ್ತೀನ ಗ್ವಾಡಿಗಿ ನಿಲ್ಲಿಸಿದ್ವಿ. ಅಡಗಿ ಕಟ್ಟಿ ಎತ್ತರಕ್ಕ ಇಟ್ರ ತಿಕ್ಕುವಾಗ ಭುಜ ಏರತಾವ, ಭಾರ ಕೈ ಮ್ಯಾಲೇ ಬೀಳ್ತದ. ಸೊಂಟಕಿಂತ ಒಂದು ಗೇಣು ಕೆಳಗ ಇದ್ರ ಮೈಭಾರ ಕೆಲಸ ಮಾಡ್ತದ. ಅವರಿಗಿ 28 ಇಂಚು ಬಂತು. ಎರಡೂ ಕಡಿ ಇಟ್ಟಂಗಿ ಕಾಲು ಕಟ್ಟಿ, ಮ್ಯಾಲ ಕಲ್ಲು ಸ್ವಲ್ಪ ಮುಂದಕ್ಕ ಬಾಗಿಸಿ ಕೂಡಿಸಿದ್ವಿ. ಕೆಳಗ ಪಾದ ಹೋಗೋಷ್ಟು ಖಾಲಿ ಜಾಗ ಬಿಟ್ಟೀವಿ. ಇಲ್ಲಂದ್ರ ಬಗ್ಗಿ ನಿಲ್ಲಬೇಕಾಗ್ತದ. ನಂಗ ಅದು ಎರಡು ಇಂಚು ಗಿಡ್ಡ. ಇರಲಿ, ನಂಗ ಮಷಿನ್ ಅದ.

ಮಷಿನ್ ಬಗ್ಗೆ ಇವರಿಗೂ ನಂಗೂ ಒಂದು ವಾರ ವಾದ ನಡೀತು. ಇವರಿಗಿ ಎಲ್ಲಾ ತಾನೇ ಮಾಡೋ ಮಷಿನ್ ಬೇಕು. ನಮ್ಮ ನಳದ ನೀರು ದಿನಾ ಬರಂಗಿಲ್ಲ, ಮಾಳಗಿ ಟಾಕಿ ಎತ್ತರ ಕಡಿಮಿ, ಹತ್ತು ಫೂಟಿಗಿ ಎಷ್ಟು ಒತ್ತಡ ಬರ್ತದ? ಆ ಮಷಿನ್ ಅಷ್ಟಕ್ಕ ನೀರಿಲ್ಲ ಅಂತ ಕೆಂಪು ದೀಪ ಹಾಕಿ ನಿಂತಬಿಡ್ತದ. ಮುಖ್ಯ ಮಾತಂದ್ರ ಅದು ಒಗದ ನೀರು ಒಮ್ಮೆಗೇ ಚೆಲ್ಲತದ. ಎರಡು ಡಬ್ಬೀದು ಸೆಮಿ ಮಷಿನಾಗ ಬಿಳಿ ಅರಿವಿ ಒಗದ ನೀರಾಗೇ ಬಣ್ಣದ್ದು, ಅದೇ ನೀರಾಗ ಕಡೀಕ ಚಾದರ, ಕಾಲೊರಸು. ಆ ನೀರು ಹಿಡದು ಅಂಗಳ ತೊಳದ್ರೂ ನಡೀತದ. ಒಂದು ನೀರಿಗಿ ನಾಲ್ಕು ಕೆಲಸ ಹೇಳೋದು ನಮ್ಮೂರ ಹೆಣ್ಣಮಕ್ಕಳಿಗಿ ಯಾರೂ ಕಲಿಸಬೇಕಾಗಿಲ್ಲ. ಸೆಮೀನೇ ಬಂತು.

ನಳ ಎರಡು ಹಾಕೀವಿ. ಒಂದು ಬೋರಿಂದು, ಒಂದು ಹೌದಿನ್ಯಾಗ ತುಂಬಿಟ್ಟ ನಳದ ನೀರಿಂದು. ಊರಿಗಿ ಬರೋ ಹೊಳಿ ನೀರು ಭೀಮಾದು, ಬೆಣ್ಣೆತೊರಾದು. ಬೋರಿನ ನೀರಾಗ ಸುಣ್ಣದ ಅಂಶ ಎಷ್ಟದ ಅಂದ್ರ ಸಬ್ಕಾರ ನೊರಿ ಬಿಡಂಗಿಲ್ಲ, ಮೊಸರಿನಂಗ ಒಡೀತದ. ಅದು ಟಾವೆಲ್ಲಿನ್ಯಾಗ ಕುಂತು ಹಪ್ಪಳ ಆಗ್ತದ. ಅದಕ್ಕ ಸಬ್ಕಾರ ಹಚ್ಚಲಾಕ, ಕಡೀಕೊಮ್ಮೆ ಜಾಲಸಲಾಕ ಹೊಳಿ ನೀರು. ನಡುವಿನ ಕೆಲಸಕ್ಕೆಲ್ಲ ಬೋರಿನ ನೀರು. ಮಷಿನಿನ ಡಬ್ಬಿಗಿ ಹತ್ತೋ ಬಿಳಿ ಕಿಟ್ಟ ಬಿಡಿಸ್ಲಾಕ ಎರಡು ತಿಂಗಳಿಗೊಮ್ಮೆ ನಿಂಬಿಉಪ್ಪು ಹಾಕಿ ತಿರುಗಿಸ್ತೀನಿ. ಆ ನೀರು ಮಾತ್ರ ನೆಲಕ್ಕ ಬಿಡಬಾರದು, ಕೊಳವಿ ಸೀದಾ ಜಾಳ್ಯಾಗ ಇಳಿಸಬೇಕು. ಯಾಕಂದ್ರ ಶಹಾಬಾದ ಪರ್ಸೀನೂ ಸುಣ್ಣದ ಕಲ್ಲೇ. ಕಿಟ್ಟ ತಿನ್ನೋ ಹುಳಿ ಪರ್ಸೀನೂ ತಿಂತದ. ನಂಬಿಕಿ ಇಲ್ಲಂದ್ರ ಮನ್ಯಾಗಿನ ಒಂದು ಒಡದ ಪರ್ಸಿ ತುಂಡಿನ ಮ್ಯಾಲ ನಿಂಬಿಹಣ್ಣ ಹಿಂಡಿ ನೋಡ್ರಿ, ಸಣ್ಣಗ ಬುರುಗು ಏಳ್ತದ. ಬಚ್ಚಲ ತಿಕ್ಕೋ ಆಸಿಡ್ ಹಾಕಿ ಪರ್ಸಿ ತೊಳಿಯೋರು ಅದ್ಯಾಕ ಹೊಳಪು ಹೋಯ್ತು ಅಂತ ಕೇಳ್ತಾರಲ್ಲ, ಇದೇ ಕಾರಣ.

ಒಣಹಾಕಲಾಕ ಜಂತಿಗಿ ಒಂದು ಕಬ್ಬಿಣದ ಕೊಂಡಿ ಮೊದಲೇ ಇತ್ತು. ಮಾವ ತಕ್ಕಡಿ ತೂಗಹಾಕ್ತಿದ್ದದ್ದು. ಅದರ ಜೋಡಿ ಇನ್ನ ಮೂರು ಹೊಡದು, ನಾಲ್ಕು ಪೈಪ ಇಳಿಬಿಟ್ಟೀವಿ. ಕಿಡಕಿ ಕದ ತೆಗದು ಜಾಳಿ ಬಡದು, ಎದುರಿನ ಗ್ವಾಡಿಗಿ ಗಾಳಿ ಹೊರಗ ಹಾಕೋ ಫ್ಯಾನ್ ಇಟ್ಟೀವಿ. ಬ್ಯಾಸಿಗ್ಯಾಗ ಅದು ಬೇಕಾಗಿಲ್ಲ, ಅರಿವಿ ತಾವೇ ಕರಕರ ಅಂತಾವ, ಬಿಸಲಿಗಿ ಬಣ್ಣನೂ ಹೋಗಂಗಿಲ್ಲ. ಜುಲೈದಿಂದ ಸೆಪ್ಟೆಂಬರ್‌ತನಕ ಜಿಟಿಜಿಟಿ ಹಿಡದಾಗ ಫ್ಯಾನಿನ ಬೆಲಿ ತಿಳೀತದ. 17 ಪಾವಟಿಗಿ ಏರೋದು ಈಗ ಹಪ್ಪಳ ಸಂಡಿಗಿಗಿ ಮಾತ್ರ.

ಮಷಿನ್ ಬಿಟ್ಟು 19 ಸಾವಿರ ಖರ್ಚು ಬಂತು. ಅದರಾಗ ಅರ್ಧಕ್ಕ ಅರ್ಧ ಗೌಂಡಿದು, ಇಲೆಕ್ಟ್ರಿಷಿಯನ್‌ದು, ಪೈಪಿಂದು.

ಅತ್ತಿ ಒಂದು ಶರ್ತ ಹಾಕಿದ್ರು, ಅದನ್ನ ಹೇಳಿಲ್ಲ. ಈಶಾನ್ಯ ಮೂಲಿ ಅವರದ್ದು. ಅಲ್ಲಿ ಎರಡು ಫೂಟ ಎತ್ತರದ ಕಟ್ಟಿ ಮ್ಯಾಲ ಗಂಜಿನಿಂದ ತಂದ ಜ್ವಾಳದ ಡಬ್ಬಿ ಇರಬೇಕು, ಮಂಗಳವಾರ ಶುಕ್ರವಾರ ಅದಕ್ಕ ಕುಂಕುಮ. ನೀರು ಸಿಡೀದಂಗ ಅಡ್ಡ ಒಂದು ಪರ್ಸಿ ನಿಲ್ಲಿಸಿ ಕೊಟ್ಟೀವಿ. ನಾ ಮೊದಲ ತಂಪಿಗಿ ನುಸಿ ಹಿಡೀತದ ಅಂದಿದ್ದೆ. ಮುಚ್ಚಳ ಗಟ್ಟಿ ಅದ, ಇನ್ನಾತನಕ ಹಿಡದಿಲ್ಲ.

ಒಗದ ನೀರಿಗಿ ಹೊರಗ ಎರಡು ಬಾಯಿ ಇಟ್ಟೀವಿ. ಮೊದಲನೇ ಪುಡಿ ನೀರು ಗಟಾರಕ್ಕ. ಅದರಾಗಿನ ಉಪ್ಪು ಎರಿ ಮಣ್ಣಿಗಿ ಒಳ್ಳೇದಲ್ಲ, ಮಣ್ಣು ಗಟ್ಟಿ ಹೆಂಟಿ ಆಗ್ತದ. ಜಾಲಿಸಿದ ನೀರು ಬಂದಾಗ ಮುಚ್ಚಳ ಬದಲ ಮಾಡಿದ್ರ ಹಿತ್ತಲಕ್ಕ. ಅಲ್ಲೇನು ಹಚ್ಚಬೇಕು ಅನ್ನೋ ಪ್ರಶ್ನೆ ಬಂದಾಗ ಇವರೇ, "ಬಾಳಿ," ಅಂದ್ರು. ಅತ್ತಿ ನಕ್ಕರು. ಕಮಲಾಪುರದ ಬಾಳಿ ಕಮಲಾಪುರದ ಕೆಂಪು ಮಣ್ಣಾಗೇ ಬರ್ತದ, ಈ ಕರಿ ಮಣ್ಣಾಗ ಬಂದ್ರೂ ಆ ರುಚಿ ಬರಂಗಿಲ್ಲ ಅಂದ್ರು. ಇವರು ಮಾತಾಡಲಿಲ್ಲ. ಮೂಲ್ಯಾಗ ಮಡಚಿ ಇಟ್ಟಿದ್ದ ಹಳೇ ಕಾಳಿನ ಚೀಲ ತಗೊಂಡು ರವಿವಾರ ಕಮಲಾಪುರಕ್ಕ ಹೋದ್ರು. ಸಂಜಿಗಿ ಟೆಂಪೋ ಬಂತು. ಇವರು ಡ್ರೈವರನ ಬಾಜೂಕ ಕುಂತಿದ್ರು. ಅತ್ತಿ ಬಾಗಲದಾಗ ನಿಂತು ಚೀಲ ಎಣಿಸಿದ್ರು: ಎಂಟು ಚೀಲ ಕೆಂಪು ಮಣ್ಣು, ಒಂದು ಬಾಳಿ ಕಂದು.

ಮೂರು ಫೂಟ ಗುಂಡಿ ತೋಡಿ, ಕರಿ ಮಣ್ಣು ತೆಗದು ಕೆಂಪು ತುಂಬಿ ಹಚ್ಚೀವಿ. ಗೊನಿ ಬರಲಾಕ ಒಂದೂವರಿ ವರ್ಷ ಬೇಕಂತ. ಸೀರಿ ಒಗದು ಮುಗದ ಮ್ಯಾಲ ಅತ್ತಿ ಹಿತ್ತಲಕ್ಕ ಹೋಗಿ ನೀರು ಬುಡಕ್ಕ ಮುಟ್ಟಿತೇನು ನೋಡಿ ಬರ್ತಾರ. ತ್ವಾಟದ ಸೀರಿ ಉಟಗೊಂಡೇ ಹೋಗ್ತಾರ, ಒಣಗಿದ ಎಲಿ ಕೊಯ್ಯೋದಿರ್ತದಲ್ಲ. ಮೊನ್ನಿ ಹೊಸ ಎಲಿ ಬಿಚ್ಚಿತು, ದಂಟು ಕೆಂಪೇ ಅದ. ಮಳಿಗಿ ಮಣ್ಣು ಇಳದದ, ಇನ್ನೆರಡು ಚೀಲ ಬೇಕು ಅಂತ ಹೇಳ್ಯಾರ. ಈ ರವಿವಾರ ಇವರ ಸಂಗಾಟ ನಾನೂ ಹೋಗಬೇಕು, ಬೀಗ ಹಾಕಿದ ಮನಿ ಕಸಾ ಹೊಡದು ಭಾಳ ದಿನ ಆಗ್ಯದ.